ಬೈದ ವಿಮರ್ಶೆಗೆ ಹೊಗಳಿದ ಪುಟ

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಡೊಂಬಿವಲಿಯಿಂದ ಫೋನ್ ಬಂತು. ಉಡುಪಿ ಕಡೆಯ ಹಿರಿಯರು. ನಮ್ಮ ಕನ್ನಡ ಸಂಘದ ಮಾಸಿಕವನ್ನು ಮೊದಲ ಸಂಚಿಕೆಯಿಂದ ತರಿಸಿಕೊಳ್ಳುತ್ತಿರುವವರು. "ನೀವು ಅಷ್ಟು ದೊಡ್ಡದಾಗಿ ಹಾಕಿದ್ದು ನೋಡಿಯೇ ನಾವು ಆ ಸಿನಿಮಾಕ್ಕೆ ಹೋದದ್ದು ಮಾರಾಯ್ರೆ. ಮನೆಯವರನ್ನೂ ಕರ್ಕೊಂಡು ಠಾಣೆವರೆಗೆ ಹೋದೆವು. ಎಂಥದ್ದೂ ಇಲ್ಲ ಅದರಲ್ಲಿ" ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಬೇಸರ ಇತ್ತು. ಆ ಸಿನಿಮಾ ಮುಂಬೈ ಕಡೆಗೆ ಬಂದದ್ದೇ ತಡವಾಗಿ, ಅದೂ ವಾರಕ್ಕೆ ಎರಡೇ ಬೆಳಗಿನ ಆಟ. ಅದಕ್ಕಾಗಿ ಅವರು ಬೆಳಿಗ್ಗೆ ಬೇಗ ಎದ್ದು ಲೋಕಲ್ ಹತ್ತಿ ಹೋಗಿದ್ದರು.

ಫೋನ್ ಇಟ್ಟ ಮೇಲೆ ಆ ಸಂಚಿಕೆ ತೆಗೆದು ನೋಡಿದೆ. ವಿಮರ್ಶೆಯಲ್ಲಿ ಆ ಚಿತ್ರವನ್ನು ಚೆನ್ನಾಗಿಯೇ ಬೈದಿದ್ದರು. ಮಧ್ಯಂತರದ ನಂತರ ಕಥೆಯೇ ಇಲ್ಲ, ನಾಯಕಿಗೆ ಮಾಡಲು ಕೆಲಸವಿಲ್ಲ, ಹೊಡೆದಾಟದ ಗದ್ದಲದಲ್ಲಿ ಒಳ್ಳೆ ನಟರ ಮಾತೂ ಕೇಳಿಸುವುದಿಲ್ಲ ಅಂತ ಬಿಡಿಸಿ ಬಿಡಿಸಿ ಬರೆದಿದ್ದರು. ಆದರೆ ಪುಟ ಏನು ಹೇಳುತ್ತಿತ್ತು? ಅರ್ಧ ಪುಟ ನಾಯಕ. ಮುಷ್ಟಿ ಬಿಗಿ ಹಿಡಿದಿದ್ದಾನೆ, ಹಿಂದೆ ಬೆಂಕಿ ಹಾರುತ್ತಿದೆ. ಶೀರ್ಷಿಕೆ ಅಂದರೆ ಚಿತ್ರದ ಹೆಸರು ಮಾತ್ರ, ಅದೂ ಪೋಸ್ಟರಿನ ಅಕ್ಷರದಲ್ಲೇ, ಅದೇ ಕೆಂಪು ಹಳದಿಯಲ್ಲಿ. ಬೈಗುಳವೆಲ್ಲ ಕೆಳಗೆ ಮೂರು ಕಾಲಮ್ಮಿನಲ್ಲಿ ಸಣ್ಣ ಅಕ್ಷರದಲ್ಲಿ ಕೂತಿತ್ತು.

ಆ ಪುಟ ಮಾಡಿದ್ದು ನಾನು.

ವಿಮರ್ಶೆ ಬರೆಯುವ ಅಕ್ಕ ಗೋರೆಗಾಂವಿನಲ್ಲಿರುತ್ತಾರೆ, ಬ್ಯಾಂಕಿನಲ್ಲಿ ಕೆಲಸ. ಅವರಿಗೆ ಫೋನ್ ಮಾಡಿ ಹೀಗೆ ಹೀಗೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: "ಪುಟ ಮಾಡೋ ಮೊದಲು ನಾನು ಬರೆದದ್ದನ್ನ ನೀನು ಓದಿದ್ಯಾ?" ಓದಿರಲಿಲ್ಲ. ಮ್ಯಾಟರ್, ಅಂದರೆ ಬರಹ, ಬಂತು, ಪದ ಎಣಿಸಿದೆ, ಜಾಗ ಬಿಟ್ಟೆ, ಸುರಿದೆ. ಹತ್ತೊಂಬತ್ತು ವರ್ಷದಿಂದ ಈ ಊರಿನಲ್ಲಿ ಪುಟ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಹಗಲು ಲೋವರ್ ಪರೇಲಿನಲ್ಲಿ ಇಂಗ್ಲಿಷ್ ಪತ್ರಿಕೆಗಳಿಗೆ, ರಾತ್ರಿ ಮುಲುಂಡಿನ ಮನೆಯಲ್ಲಿ ನಮ್ಮ ಕನ್ನಡ ಮಾಸಿಕಕ್ಕೆ. ಅಕ್ಕನ ಆ ಪ್ರಶ್ನೆಯ ನಂತರ ಸಿನಿಮಾ ವಿಮರ್ಶೆಯ ಪುಟವನ್ನು ಮೊದಲಿನಂತೆ ನೋಡಲು ನನಗೆ ಆಗಿಲ್ಲ.

ಡೊಂಬಿವಲಿಯ ಹಿರಿಯರದ್ದು ಏನೂ ತಪ್ಪಿಲ್ಲ. ಪುಟವನ್ನು ಎಲ್ಲರೂ ನೋಡುವುದು ಅವರು ನೋಡಿದ ಹಾಗೇ. ಮೊದಲು ಚಿತ್ರ. ಆಮೇಲೆ ದೊಡ್ಡ ಅಕ್ಷರ. ಆಮೇಲೆ ಚಿತ್ರದ ಕೆಳಗಿನ ಅಡಿಬರಹ, ಬಣ್ಣದ ಬಾಕ್ಸ್, ನಕ್ಷತ್ರ. ಇಷ್ಟಾಗಿ ಮನಸ್ಸಾದರೆ, ಬಿಡುವಿದ್ದರೆ ಮ್ಯಾಟರ್. ಅಂದರೆ ವಿಮರ್ಶಕರು ಒಂದು ಮಾತು ಆಡುವ ಮೊದಲೇ ಪುಟ ನಾಲ್ಕು ಮಾತು ಆಡಿ ಮುಗಿಸಿರುತ್ತದೆ. ಆ ನಾಲ್ಕು ಮಾತು ಯಾರ ಮಾತು ಅನ್ನೋದೇ ಪ್ರಶ್ನೆ.

ನಮಗೆ ಬರುವ ಚಿತ್ರಗಳೆಲ್ಲ ಬರುವುದು ಎಲ್ಲಿಂದ? ಪ್ರಚಾರದವರಿಂದ. ಪೋಸ್ಟರ್, ನಾಯಕನ ನಾಲ್ಕು ಭಂಗಿ, ನಾಯಕಿಯ ಎರಡು, ಹಾಡಿನ ಸೆಟ್ಟಿನದೊಂದು. ಅವರು ಅವರ ಕೆಲಸ ಸರಿಯಾಗಿ ಮಾಡಿರುತ್ತಾರೆ, ಸಿನಿಮಾ ಮಾರಬೇಕು, ಅದಕ್ಕೆ ತಕ್ಕ ಚಿತ್ರ ಕೊಡುತ್ತಾರೆ. ಅದನ್ನು ಹಾಗೇ ಎತ್ತಿ ಅರ್ಧ ಪುಟಕ್ಕೆ ಹಾಕಿದರೆ ಆ ಅರ್ಧ ಪುಟ ಜಾಹೀರಾತೇ, ದುಡ್ಡು ಮಾತ್ರ ಬಂದಿರುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪತ್ರಿಕೆಯಲ್ಲಿ ನೋಡುವ ಸ್ಟಿಲ್, ಅಂದರೆ ಸಿನಿಮಾದ್ದು ಅಂತ ಕೊಡುವ ಫೋಟೋ, ಸಾಮಾನ್ಯವಾಗಿ ಸಿನಿಮಾದ ಫ್ರೇಮ್ ಆಗಿರುವುದಿಲ್ಲ. ಶೂಟಿಂಗಿನಲ್ಲಿ ಸ್ಟಿಲ್ ಫೋಟೋಗ್ರಾಫರ್ ಬೇರೆ ಇರುತ್ತಾರೆ. ಅವರು ಮುಖ್ಯ ಕ್ಯಾಮೆರಾದ ಪಕ್ಕದಲ್ಲಿ ನಿಂತು ತೆಗೆಯುತ್ತಾರೆ, ಇಲ್ಲವೇ ಶಾಟ್ ಮುಗಿದ ಮೇಲೆ ನಟರನ್ನು ಇನ್ನೊಮ್ಮೆ ನಿಲ್ಲಿಸಿ ತೆಗೆಯುತ್ತಾರೆ. ಕೋನ ಬೇರೆ, ಬೆಳಕೂ ಕೆಲವು ಸಲ ಬೇರೆ. ಸಿನಿಮಾದಲ್ಲಿ ಇಲ್ಲದ ದೃಶ್ಯದ ಸ್ಟಿಲ್ ಕೂಡ ಪತ್ರಿಕೆಗೆ ಬರುವುದುಂಟು, ಎಡಿಟಿಂಗಿನಲ್ಲಿ ದೃಶ್ಯ ಹೋಗಿರುತ್ತದೆ, ಫೋಟೋ ಉಳಿದಿರುತ್ತದೆ. ವಿಮರ್ಶಕರು ಕ್ಯಾಮೆರಾ ಕೆಲಸದ ಬಗ್ಗೆ ಒಂದು ಪ್ಯಾರಾ ಬರೆದಾಗ ಪಕ್ಕದಲ್ಲಿ ಸ್ಟಿಲ್ ಹಾಕಿದರೆ ಸುಳ್ಳು ಸಾಕ್ಷಿ ಕೊಟ್ಟ ಹಾಗೆ. ಅಂಥ ಕಡೆ ಟ್ರೇಲರಿನ ಫ್ರೇಮೇ ವಾಸಿ. ಆದರೆ ಅದಕ್ಕೂ ಮಿತಿ ಇದೆ. ಒಳ್ಳೆ ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಪೂರ್ಣ ಎಚ್‌ಡಿ ಫ್ರೇಮ್ 1920 ಪಿಕ್ಸೆಲ್ ಅಗಲ. ಭಾಗಿಸಿದರೆ 6.4 ಇಂಚು. ನಮ್ಮ ಪುಟದ ಅಗಲಕ್ಕೆ ಹೇಗೋ ಸಾಕಾಗುತ್ತದೆ, ಎರಡು ಪುಟಕ್ಕೆ ಹರಡಿದರೆ ಒಡೆಯುತ್ತದೆ. ಅದೇ ಚಿತ್ರ ವಾಟ್ಸಾಪಿನಲ್ಲಿ ಬಂದಿದ್ದರೆ ಸಾಮಾನ್ಯವಾಗಿ ಇನ್ನೂ ಕುಗ್ಗಿರುತ್ತದೆ. ಆದ್ದರಿಂದ ಯಾರಾದರೂ ಚಿತ್ರ ಕಳಿಸುತ್ತೇನೆ ಅಂದರೆ ಮೇಲ್ ಮಾಡಿ ಅಂತ ಪ್ರತಿ ಸಲ ಕೇಳಿಕೊಳ್ಳುತ್ತೇನೆ.

ಕತ್ತರಿಸುವುದು ಇನ್ನೂ ನಾಜೂಕು. ಈಗಿನ ಬಹಳಷ್ಟು ಸಿನಿಮಾಗಳು ಸ್ಕೋಪ್ ಅಳತೆಯವು, ಎತ್ತರ 1 ಇದ್ದರೆ ಅಗಲ 2.39. ಪತ್ರಿಕೆಯ ಪುಟ ಉದ್ದುದ್ದ. ಜಾಗ ತುಂಬಿಸಲು ಆ ಅಡ್ಡ ಫ್ರೇಮನ್ನು ಮೂರಕ್ಕೆ ನಾಲ್ಕರ ಉದ್ದ ಚೌಕಕ್ಕೆ ಕತ್ತರಿಸಿದರೆ ಮೂಲದ ಮೂರನೇ ಒಂದು ಭಾಗವೂ ಉಳಿಯುವುದಿಲ್ಲ. ಉಳಿಯುವುದು ಏನು? ನಾಯಕನ ಮುಖ. ಹೋಗುವುದು ಏನು? ಅವನ ಎದುರು ಕೂತ ತಾಯಿ, ನಡುವಿನ ಖಾಲಿ ಊಟದ ಮೇಜು, ಕಿಟಕಿಯ ಬೆಳಕು. ನಿರ್ದೇಶಕರು ಅಷ್ಟು ಅಗಲ ಇಟ್ಟುಕೊಂಡದ್ದೇ ಆ ಖಾಲಿ ಜಾಗ ತೋರಿಸಲು, ಅಲ್ವಾ? ನಾನೀಗ ಫ್ರೇಮ್ ಹಾಕಿದರೆ ಪೂರ್ತಿ ಹಾಕುತ್ತೇನೆ. ಏಳು ಇಂಚು ಅಗಲಕ್ಕೆ ಮೂರು ಇಂಚಿಗಿಂತ ಸ್ವಲ್ಪ ಕಡಿಮೆ ಎತ್ತರ ಬರುತ್ತದೆ, ಪುಟದ ತಲೆಗೆ ಒಂದು ಪಟ್ಟಿ. ಮೊದಮೊದಲು ಸಂಪಾದಕರಿಗೆ ಅದು ಬೋಳಾಗಿ ಕಾಣುತ್ತಿತ್ತು. ನಿವೃತ್ತ ಕನ್ನಡ ಮಾಸ್ತರರು, ನಾವೆಲ್ಲ ಮಾಸ್ಟ್ರೇ ಅಂತಲೇ ಕರೆಯುವುದು. "ಏನೋ ಇದು, ಚಿತ್ರ ಇಷ್ಟು ಚಿಕ್ಕದು?" ಅಂದರು. ಪೂರ್ತಿ ಫ್ರೇಮ್ ಮತ್ತು ಕತ್ತರಿಸಿದ ಫ್ರೇಮ್ ಎರಡನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟೆ. ನೋಡಿ, ಮತ್ತೆ ಕೇಳಲಿಲ್ಲ.

ಚಿತ್ರವನ್ನು ತಿರುಗಿಸುವ ಅಭ್ಯಾಸದ ಬಗ್ಗೆಯೂ ಹೇಳಬೇಕು. ಫೋಟೋದಲ್ಲಿರುವವರ ಮುಖ ಯಾವಾಗಲೂ ಪುಟದ ಒಳಕ್ಕೆ ನೋಡುತ್ತಿರಬೇಕು ಅನ್ನುವುದು ನಮ್ಮ ಕೆಲಸದ ಹಳೆ ಪಾಠ, ಅದು ಸರಿಯಾದದ್ದೇ. ಮುಖ ಎತ್ತ ನೋಡುತ್ತದೋ ಓದುವವರ ಕಣ್ಣೂ ಅತ್ತ ಹೋಗುತ್ತದೆ, ಪುಟದ ಹೊರಕ್ಕೆ ನೋಡಿದರೆ ಕಣ್ಣು ಪಕ್ಕದ ಪುಟಕ್ಕೆ ಜಾರುತ್ತದೆ. ಆದರೆ ಅದಕ್ಕಾಗಿ ಫೋಟೋವನ್ನು ಕನ್ನಡಿಯ ಹಾಗೆ ತಿರುಗಿಸಬಾರದು. ಬಹಳ ವರ್ಷದ ಹಿಂದೆ ನಾನೇ ಒಂದು ಹಳ್ಳಿ ಸಿನಿಮಾದ ಸ್ಟಿಲ್ ತಿರುಗಿಸಿದ್ದೆ. ಸೀರೆಯ ಸೆರಗು ಎಡ ಹೆಗಲಿಂದ ಬಲ ಹೆಗಲಿಗೆ ಹೋಯಿತು. ಮಂಡ್ಯದ ಹೆಂಗಸು ಗುಜರಾತಿ ಉಡುಗೆಯಲ್ಲಿ ನಿಂತ ಹಾಗೆ ಕಂಡಿತು. ಮೂವರು ಓದುಗರು, ಮೂವರೂ ಹೆಂಗಸರು, ಪತ್ರ ಬರೆದರು. ಮುಖ ಹೊರಕ್ಕೆ ನೋಡುತ್ತಿದ್ದರೆ ಚಿತ್ರವನ್ನು ಪುಟದ ಇನ್ನೊಂದು ಬದಿಗೆ ಸರಿಸಿದರೆ ಆಯಿತು. ಚಿತ್ರ ತಿರುಗಿಸಬೇಕಾಗಿಲ್ಲ.

ಇನ್ನು ಬಣ್ಣ. ನನಗೆ ಜಾಸ್ತಿ ಯೋಚನೆ ಹಚ್ಚಿದ್ದು ಇದೇ.

ಇಂಗ್ಲಿಷ್ ಪತ್ರಿಕೆಗಳಲ್ಲಿ ನಮಗೆ ಕಲಿಸಿದ ದಾರಿ ಸುಲಭ. ಪೋಸ್ಟರಿನಿಂದ ಬಣ್ಣ ಹೀರಿಕೋ. ಕಂಪ್ಯೂಟರಿನಲ್ಲಿ ಅದಕ್ಕೊಂದು ಚಿಕ್ಕ ಪಿಪೆಟ್, ಬಣ್ಣ ಹೀರುವ ನಳಿಗೆಯ ಗುರುತು, ಇದೆ. ನಾಯಕನ ಅಂಗಿಯ ಕೆಂಪನ್ನು ಶೀರ್ಷಿಕೆಗೆ ಕೊಡು, ಆಕಾಶದ ನೀಲಿಯನ್ನು ಬಾಕ್ಸಿಗೆ ಕೊಡು, ಪುಟ ಹೊಂದಿಕೊಂಡು ಚಂದ ಕಾಣುತ್ತದೆ. ಭಯದ ಚಿತ್ರಕ್ಕೆ ಕಪ್ಪು ಕೆಂಪು, ಹಾಸ್ಯಕ್ಕೆ ಹಳದಿ, ಪ್ರೀತಿಗೆ ಗುಲಾಬಿ. ನಿಜವಾಗಿಯೂ ಚಂದ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಹೀಗೆ ಮಾಡಿದಾಗ ಪುಟ ಸಿನಿಮಾದ ಬಟ್ಟೆ ಹಾಕಿಕೊಳ್ಳುತ್ತದೆ. ಸಿನಿಮಾವನ್ನು ಎದುರು ನಿಂತು ನೋಡಬೇಕಾದ ಪುಟ ಅದರ ಮೆರವಣಿಗೆಯಲ್ಲೇ ಸೇರಿಕೊಂಡುಬಿಡುತ್ತದೆ.

ಇದು ಹೊಳೆದದ್ದು ಪುಣೆಯಲ್ಲಿ. ಲಾ ಕಾಲೇಜ್ ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಗೊತ್ತಲ್ಲ, 1964ರಲ್ಲಿ ಶುರುವಾದದ್ದು. ಹಳೆ ಸಿನಿಮಾ ಅಷ್ಟೇ ಅಲ್ಲದೆ ಸ್ಟಿಲ್ಲುಗಳು, ಪೋಸ್ಟರುಗಳು, ಹಾಡಿನ ಪುಸ್ತಕಗಳು, ಹಳೆ ಪತ್ರಿಕೆಗಳು, ಎಲ್ಲ ಅಲ್ಲಿವೆ. ಆ ಫೋನ್ ಬಂದ ವರ್ಷವೇ ರಜೆ ಹಾಕಿ ಅದನ್ನು ನೋಡಿ ಬಂದೆ. ಬಾಬುರಾವ್ ಪಟೇಲ್ 1935ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಫಿಲ್ಮ್‌ಇಂಡಿಯಾ ಪತ್ರಿಕೆಗೆ ಮುಖಪುಟ ಬರೆದವರಲ್ಲಿ ಎಸ್. ಎಂ. ಪಂಡಿತರು ಒಬ್ಬರು. ನಮ್ಮ ಕಲಬುರ್ಗಿಯವರು, 1916ರಲ್ಲಿ ಹುಟ್ಟಿದವರು. ಮುಂಬೈಗೆ ಬಂದು ಈ ಊರಿನ ಸಿನಿಮಾ ಚಿತ್ರಕಲೆಗೇ ಒಂದು ರೂಪ ಕೊಟ್ಟವರು. ಆ ಮುಖಪುಟಗಳ ಬಣ್ಣದ ಬಗ್ಗೆ ಯೋಚಿಸಿ. ಆ ಕಾಲದಲ್ಲಿ ಹೆಚ್ಚುಕಡಿಮೆ ಎಲ್ಲ ಸಿನಿಮಾಗಳೂ ಕಪ್ಪು ಬಿಳುಪು. ಎದುರಿಗಿದ್ದ ಫೋಟೋಗಳೂ ಕಪ್ಪು ಬಿಳುಪು. ನಾಯಕಿಯ ಸೀರೆಗೆ ಯಾವ ಬಣ್ಣ, ಹಿಂದಿನ ಆಕಾಶಕ್ಕೆ ಯಾವ ಬಣ್ಣ, ಕೆನ್ನೆಯ ಮೇಲಿನ ಬೆಳಕು ಎಷ್ಟು ಬೆಚ್ಚಗಿರಬೇಕು, ಎಲ್ಲವನ್ನೂ ಕಲಾವಿದನೇ ತೀರ್ಮಾನ ಮಾಡಬೇಕು. ಸಿನಿಮಾದಿಂದ ಹೀರಿಕೊಳ್ಳಲು ಬಣ್ಣವೇ ಇರಲಿಲ್ಲ. ಬಣ್ಣ ಕಲಾವಿದನ ಅಭಿಪ್ರಾಯ. ಕಲಬುರ್ಗಿಯ ಒಬ್ಬ ಮನುಷ್ಯ ಮುಂಬೈಯಲ್ಲಿ ಕೂತು ಇಡೀ ದೇಶದ ತಾರೆಯರಿಗೆ ಬಣ್ಣ ಆರಿಸಿದ ಅಂತ ನೆನೆದರೆ ಈಗಲೂ ನನಗೆ ಹೆಮ್ಮೆ ಆಗುತ್ತದೆ.

ಫ್ರಾನ್ಸಿನ ಕಾಯೆ ದ್ಯು ಸಿನೆಮಾ ಪತ್ರಿಕೆ ಇನ್ನೊಂದು ದಾರಿ ಹಿಡಿಯಿತು. 1951ರಲ್ಲಿ ಶುರುವಾದಾಗ ಅದರ ಮುಖಪುಟ ಹಳದಿ. ನಡುವೆ ಒಂದು ಕಪ್ಪು ಬಿಳುಪು ಸ್ಟಿಲ್. ಮುಂದಿನ ತಿಂಗಳು ಸಿನಿಮಾ ಬೇರೆ, ಹಳದಿ ಅದೇ. ವರ್ಷಗಟ್ಟಲೆ ಹಾಗೇ ನಡೆಯಿತು. ಅಲ್ಲಿ ಬಣ್ಣ ಪತ್ರಿಕೆಯದ್ದು. ಯಾವ ದೊಡ್ಡ ಸಿನಿಮಾ ಬಂದರೂ ಆ ಹಳದಿ ಚೌಕಟ್ಟಿನೊಳಗೇ ಬಂದು ಕೂರಬೇಕು. ಇದು ನನಗೆ ತುಂಬ ಹಿಡಿಸಿತು. ಈಗ ನಮ್ಮ ಮಾಸಿಕದ ಸಿನಿಮಾ ಪುಟಕ್ಕೂ ಒಂದೇ ಬಣ್ಣ ಇಟ್ಟಿದ್ದೇನೆ, ಹಳೆ ಇಟ್ಟಿಗೆಯ ಕೆಂಪು. ಶೀರ್ಷಿಕೆಯ ಮೇಲಿನ ಗೆರೆ, ಬಾಕ್ಸಿನ ಅಂಚು, ಎತ್ತಿ ತೋರಿಸುವ ಸಾಲು, ಇಷ್ಟಕ್ಕೆ ಮಾತ್ರ. ಪೋಸ್ಟರಿನ ಬಣ್ಣ ಪೋಸ್ಟರಿನಲ್ಲೇ ಇರಲಿ.

ಪುಟಕ್ಕೆ ಬಣ್ಣ ಸಿಗುವುದೇ ಒಂದು ಲೆಕ್ಕಾಚಾರ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಂಥ ಚಿಕ್ಕ ಪತ್ರಿಕೆಗೆ ಎಲ್ಲ ಪುಟ ನಾಲ್ಕು ಬಣ್ಣದಲ್ಲಿ ಹಾಕಿಸುವ ಶಕ್ತಿ ಇಲ್ಲ. ಹದಿನಾರು ಪುಟದ ಫಾರ್ಮಿನಲ್ಲಿ ದೊಡ್ಡ ಹಾಳೆಯ ಒಂದು ಬದಿ ಮಾತ್ರ ಬಣ್ಣ, ಇನ್ನೊಂದು ಬದಿ ಕಪ್ಪು. ಹಾಳೆ ಮಡಚಿದಾಗ ಬಣ್ಣದ ಬದಿಗೆ ಬರುವುದು 1, 4, 5, 8, 9, 12, 13, 16. ಅಂದರೆ ಎದುರು ಬದುರು ಎರಡೂ ಪುಟ ಬಣ್ಣ ಬೇಕು ಅಂದರೆ 4-5, 8-9 ಅಥವಾ 12-13. ನಡುವಿನ 8-9 ಸಂಘದ ಕಾರ್ಯಕ್ರಮದ ಫೋಟೋಗಳಿಗೆ ಮೀಸಲು, ಅದನ್ನು ಮುಟ್ಟುವ ಹಾಗಿಲ್ಲ. ಉಳಿದ ಎರಡರಲ್ಲಿ ಸಿನಿಮಾಗೆ ಸಿಕ್ಕಿದ್ದು 12-13. ಓದುಗರು "ಸಿನಿಮಾ ಯಾಕೆ ಯಾವಾಗಲೂ ಹಿಂದೆ" ಅಂತ ಕೇಳುತ್ತಾರೆ. ಹಾಳೆ ಮಡಚುವ ರೀತಿಯೇ ಕಾರಣ.

ಆಮೇಲೆ ಕಾಗದ. ಒಳಪುಟಗಳಿಗೆ ನಾವು ಮ್ಯಾಪ್ಲಿತೋ, ಅಂದರೆ ನುಣುಪು ಲೇಪನವಿಲ್ಲದ ಕಾಗದ, ಹಾಕುತ್ತೇವೆ. ಅದು ಶಾಯಿ ಕುಡಿಯುತ್ತದೆ. ಅಚ್ಚಿನಲ್ಲಿ ಬಣ್ಣ ಅಂದರೆ ಸಣ್ಣ ಸಣ್ಣ ಚುಕ್ಕೆಗಳು, ನೀಲಿ, ಮೆಜೆಂಟಾ ಅನ್ನುವ ಕಡು ಗುಲಾಬಿ, ಹಳದಿ, ಕಪ್ಪು. ಪ್ರೆಸ್ಸಿನ ಭೂತಗನ್ನಡಿಯಲ್ಲಿ ನೋಡಿದರೆ ನಾಯಕನ ಕೆನ್ನೆ ನಾಲ್ಕು ಬಣ್ಣದ ರಂಗೋಲಿ. ಮ್ಯಾಪ್ಲಿತೋದಲ್ಲಿ ಆ ಚುಕ್ಕೆ ಹರಡುತ್ತದೆ, ಶೇಕಡಾ 50ರ ಚುಕ್ಕೆ 70ರ ಹಾಗೆ ಕಾಣುತ್ತದೆ. ಈಗಿನ ಸಿನಿಮಾಗಳಲ್ಲಿ ಕತ್ತಲೆ ಜಾಸ್ತಿ. ಫೋನಿನಲ್ಲಿ ನೋಡುವಾಗ ಪರದೆಯಿಂದಲೇ ಬೆಳಕು ಬರುತ್ತದೆ, ಹಾಗಾಗಿ ಕತ್ತಲೆಯೊಳಗಿನ ಮುಖವೂ ಕಾಣುತ್ತದೆ. ಕಾಗದಕ್ಕೆ ಆ ಬೆಳಕಿಲ್ಲ. ನಾಲ್ಕೂ ಶಾಯಿ ಶೇಕಡಾ ನೂರು ನೂರು ಸೇರಿದರೆ 400 ಆಗುತ್ತದೆ. ಆರ್ಟ್ ಪೇಪರ್ ಸುಮಾರು 300 ತಡೆಯುತ್ತದೆ, ನ್ಯೂಸ್‌ಪ್ರಿಂಟ್ 240ರ ಆಸುಪಾಸು, ನಮ್ಮದು ಇವೆರಡರ ನಡುವೆ ಎಲ್ಲೋ. ಅದಕ್ಕಿಂತ ಜಾಸ್ತಿ ಸುರಿದರೆ ಒಣಗುವುದಿಲ್ಲ, ಎದುರು ಪುಟಕ್ಕೆ ಹತ್ತಿಕೊಳ್ಳುತ್ತದೆ. ಆದ್ದರಿಂದ ರಾತ್ರಿ ದೃಶ್ಯ ಹಾಕುವಾಗ ನೆರಳನ್ನು ಸ್ವಲ್ಪ ತೆರೆಯಬೇಕು. ಎಷ್ಟು ತೆರೆಯಬೇಕು ಅನ್ನುವುದು ನಿಜಕ್ಕೂ ಕಷ್ಟದ ತೀರ್ಮಾನ. ಜಾಸ್ತಿ ತೆರೆದರೆ ಕ್ಯಾಮೆರಾಮನ್ ಕಷ್ಟಪಟ್ಟು ತಂದ ಕತ್ತಲೆಯನ್ನು ನಾನು ಕೆಡಿಸಿದ ಹಾಗೆ.

ಕಪ್ಪು ಚಿತ್ರದ ಮೇಲೆ ಬಿಳಿ ಅಕ್ಷರ ಹಾಕಿ ಮ್ಯಾಟರ್ ಓಡಿಸುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ನಡೆಯುತ್ತದೆ, ಕನ್ನಡದಲ್ಲಿ ನಡೆಯುವುದಿಲ್ಲ. ಬಣ್ಣಕ್ಕೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟಿನಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ನಮ್ಮ ಒತ್ತಕ್ಷರಗಳು ಮುಚ್ಚಿಹೋಗುತ್ತವೆ. ಥ ಯಾವುದು ಧ ಯಾವುದು ಗೊತ್ತಾಗುವುದಿಲ್ಲ, ಹೊಟ್ಟೆಯೊಳಗಿನ ಚುಕ್ಕೆ ಮಾಯ. ಕಣ್ಣು ಮಂಜಾದ ಓದುಗರೇ ನಮಗೆ ಜಾಸ್ತಿ. ಅವರಿಗೆ ಈ ತೊಂದರೆ ಕೊಡುವುದು ತಪ್ಪು.

ಇಂಗ್ಲಿಷ್ ಅಚ್ಚನ್ನು ಕನ್ನಡಕ್ಕೆ ಹಾಗೇ ತಂದಾಗ ಆಗುವ ಅನಾಹುತ ಇದೊಂದೇ ಅಲ್ಲ. ಹಗಲು ನಾನು ಮಾಡುವ ಪುಟಗಳಲ್ಲಿ ನಾಲ್ಕು ಕಾಲಂ, 9 ಪಾಯಿಂಟ್ ಅಳತೆಯ ಅಕ್ಷರ, ಸಾಲಿನಿಂದ ಸಾಲಿಗೆ 11 ಪಾಯಿಂಟ್. ಕನ್ನಡಕ್ಕೆ ಅದನ್ನೇ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 10 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 14, ಸಾಧ್ಯವಾದರೆ 15 ಪಾಯಿಂಟ್ ಕೊಡಲೇಬೇಕು. ಕಾಲಂ ಸಪೂರ ಇದ್ದರಂತೂ ಮುಗಿಯಿತು. "ಒಪ್ಪಿಕೊಳ್ಳಬೇಕಾಗಿರುವುದರಿಂದ" ಅನ್ನೋ ಒಂದು ಪದ ಬಂದರೆ ಸಾಲೇ ಅದರದ್ದು, ಅದಕ್ಕಿಂತ ಮುಂಚಿನ ಸಾಲಿನಲ್ಲಿ ಎರಡು ಪದ ಆ ತುದಿಗೊಂದು ಈ ತುದಿಗೊಂದು ನಿಲ್ಲುತ್ತವೆ. ನಾನು ಎರಡೇ ಕಾಲಂ ಮಾಡಿ, ಬಲ ಅಂಚನ್ನು ಬಿಗಿಯದೆ ಬಿಟ್ಟೆ. ಮೊದಲ ಅಕ್ಷರವನ್ನು ಮೂರು ಸಾಲಿನಷ್ಟು ದೊಡ್ಡದು ಮಾಡುವ ಚಾಳಿಯನ್ನೂ ಬಿಟ್ಟೆ. ವಿಮರ್ಶೆ "ಸ್ತ್ರೀ" ಅಂತ ಶುರುವಾದರೆ ಅದರ ಒತ್ತು ಮತ್ತು ದೀರ್ಘ ಎಲ್ಲಿ ಕೂರಬೇಕು ಹೇಳಿ? ಹಾಗಂತ ಅಕ್ಕನಿಗೆ ಮೊದಲ ಪದ ಬದಲಿಸಿ ಅಂತ ಹೇಳುವುದು ಸರಿಯೇ? ಬರೆದವರ ಮೊದಲ ಪದವನ್ನು ನನ್ನ ಅಲಂಕಾರಕ್ಕಾಗಿ ಬದಲಿಸಬಾರದು.

ನಕ್ಷತ್ರಗಳ ವಿಷಯಕ್ಕೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಸಿನಿಮಾ ವಿಮರ್ಶೆಗೆ ನಕ್ಷತ್ರ ಹಾಕುವುದನ್ನು ಶುರುಮಾಡಿದ್ದು ನ್ಯೂಯಾರ್ಕಿನ ಡೈಲಿ ನ್ಯೂಸ್, 1928ರಲ್ಲಿ, ಐರೀನ್ ಥೈರರ್ ಎಂಬ ವಿಮರ್ಶಕಿಯ ಬರಹಕ್ಕೆ. ಆಗ ಮೂರೇ ನಕ್ಷತ್ರ. ಈಗ ಹೆಚ್ಚಾಗಿ ಐದು, ಅರ್ಧ ಬೇರೆ. ದಿನಪತ್ರಿಕೆಗೆ ಅದು ಅರ್ಥವಾಗುತ್ತದೆ. ಇವತ್ತು ಶುಕ್ರವಾರ, ಸಂಜೆ ಹೋಗಬೇಕೋ ಬೇಡವೋ ಹೇಳು ಅನ್ನುವವರಿಗೆ ಒಂದು ಗುರುತು ಬೇಕು. ಆದರೆ ಮಾಸಿಕ ಕೈಗೆ ಬರುವ ಹೊತ್ತಿಗೆ ಮುಂಬೈಯಲ್ಲಿ ಕನ್ನಡ ಸಿನಿಮಾ ಸಾಮಾನ್ಯವಾಗಿ ಥಿಯೇಟರ್ ಬಿಟ್ಟು ಹೋಗಿರುತ್ತದೆ. ನಮ್ಮ ಓದುಗರು ಅದನ್ನು ಮನೆಯಲ್ಲಿ ನೋಡುವವರು, ಇಲ್ಲವೇ ಆಗಲೇ ನೋಡಿ ಯಾರ ಜೊತೆಗಾದರೂ ಮಾತಾಡಬೇಕು ಅನ್ನುವವರು. ನಕ್ಷತ್ರ ಪುಟದ ತಲೆಯಲ್ಲಿದ್ದರೆ ಆ ಮಾತು ಅಲ್ಲೇ ಮುಗಿಯುತ್ತದೆ. ಅಕ್ಕ ಬೇಡವೇ ಬೇಡ ಅಂದರು, ಮಾಸ್ಟ್ರು ಓದುಗರು ಕೇಳುತ್ತಾರೆ ಅಂದರು. ಲಂಡನ್ನಿನಲ್ಲಿ 2005ರಲ್ಲಿ ಶುರುವಾದ ಲಿಟಲ್ ವೈಟ್ ಲೈಸ್ ಪತ್ರಿಕೆ ಮೂರು ಬೇರೆ ಬೇರೆ ಅಂಕ ಕೊಡುತ್ತದೆ, ನೋಡುವ ಮೊದಲು ಎಷ್ಟು ನಿರೀಕ್ಷೆ ಇತ್ತು, ನೋಡುವಾಗ ಎಷ್ಟು ಖುಷಿ, ಆಮೇಲೆ ನೆನೆದಾಗ ಎಷ್ಟು. ಅದನ್ನು ತೋರಿಸಿದೆ. ಇಬ್ಬರಿಗೂ ಇಷ್ಟವಾಯಿತು, ಆದರೆ ನಮ್ಮ ಪುಟದಲ್ಲಿ ಅದಕ್ಕೆ ಜಾಗವಿಲ್ಲ. ಕೊನೆಗೆ ನಕ್ಷತ್ರವನ್ನು ವಿಮರ್ಶೆಯ ಕೊನೆ ಸಾಲಿನ ಪಕ್ಕಕ್ಕೆ ತಂದೆ, ಅಕ್ಷರದಷ್ಟೇ ಗಾತ್ರ, ಅಕ್ಷರದ್ದೇ ಕಪ್ಪು. ಹಳದಿ ನಕ್ಷತ್ರ ಬಿಳಿ ಕಾಗದದಲ್ಲಿ ಕಾಣುವುದೇ ಇಲ್ಲ, ಕೆಂಪು ಹಾಕಿದರೆ ಎರಡು ನಕ್ಷತ್ರದ ಸಿನಿಮಾಗೆ ಅಪಾಯದ ಫಲಕ ನೆಟ್ಟ ಹಾಗೆ ಆಗುತ್ತದೆ.

ಅಡಿಬರಹವನ್ನು ಈಗ ಅಕ್ಕನೇ ಬರೆಯುತ್ತಾರೆ. ಮೊದಲು ನಾನು "ಚಿತ್ರದ ಒಂದು ದೃಶ್ಯ" ಅಂತ ಹಾಕುತ್ತಿದ್ದೆ. ಅದು ದೃಶ್ಯ ಅಂತ ಕಾಣಿಸುತ್ತಿದೆಯಲ್ಲ, ಹೇಳಬೇಕೇ? ಮ್ಯಾಟರ್ ಓದದವರೂ ಅಡಿಬರಹ ಓದುತ್ತಾರೆ. ಅಲ್ಲಿ ವಿಮರ್ಶೆಯ ಒಂದು ಜೀವಂತ ಮಾತು ಇದ್ದರೆ ಡೊಂಬಿವಲಿಯವರು ಸುಮ್ನೆ ಠಾಣೆಗೆ ಹೋಗುತ್ತಿರಲಿಲ್ಲ.

ಇಷ್ಟೆಲ್ಲ ಬದಲಾಯಿಸಿದ ಮೇಲೂ ಪುಟ ಸರಿಯಾಗಿ ಮಾತಾಡುತ್ತಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ನನಗೆ ಮ್ಯಾಟರ್ ಬಾಯಿಪಾಠ ಆಗಿರುತ್ತದೆ, ನನ್ನ ಕಣ್ಣನ್ನು ನಂಬುವಂತಿಲ್ಲ. ಒಂದು ರಾತ್ರಿ ಪ್ರೂಫ್ ಮೇಜಿನ ಮೇಲಿತ್ತು. ಪಕ್ಕದ ಮನೆಯ ಮರಾಠಿ ಕಾಕು (ಅವರ ಭಾಷೆಯಲ್ಲಿ ಚಿಕ್ಕಮ್ಮ) ಒಂದು ಡಬ್ಬಿಯಲ್ಲಿ ಥಾಲಿಪೀಠ ತಂದುಕೊಟ್ಟವರು ಪುಟ ನೋಡುತ್ತ ನಿಂತರು. ಅವರಿಗೆ ಕನ್ನಡದ ಒಂದಕ್ಷರವೂ ಬಾರದು. "ಈ ಸಿನಿಮಾ ಹೇಗಿದೆ ಅನ್ನಿಸುತ್ತೆ ಕಾಕು?" ಅಂತ ಕೇಳಿದೆ. ಅವರು ಚಿತ್ರ ನೋಡಿದರು, ಗೆರೆ ನೋಡಿದರು, ಸ್ವಲ್ಪ ಯೋಚಿಸಿ, ನಿಧಾನದ ಸಿನಿಮಾ ಇರಬೇಕು, ಆದರೆ ಒಳ್ಳೆಯದು, ಅಂತ ಮರಾಠಿಯಲ್ಲಿ ಹೇಳಿದರು. ಅಕ್ಕ ಬರೆದದ್ದೂ ಅದನ್ನೇ. ನನಗಾದ ಸಂತೋಷ ಹೇಳಲಾರೆ.

ಆವತ್ತಿನಿಂದ ಪ್ರತಿ ತಿಂಗಳೂ ಕಾಕುಗೆ ತೋರಿಸುತ್ತೇನೆ. ಊರಿನಲ್ಲಿದ್ದಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ, ಅಲ್ಲಿ ತೋರಿಸಿದವರೆಲ್ಲ ಓದಿಬಿಡುತ್ತಾರೆ. ಇಲ್ಲಿ ನಮ್ಮ ಕಟ್ಟಡದಲ್ಲಿ ಮರಾಠಿ, ಗುಜರಾತಿ, ತಮಿಳು, ಮಲಯಾಳಿ ಎಲ್ಲರೂ ಇದ್ದಾರೆ, ಓದದೆ ಪುಟ ನೋಡುವ ಕಣ್ಣುಗಳು ಬೇಕಾದಷ್ಟಿವೆ. ಮೂರನೇ ಮಹಡಿಯ ತಮಿಳು ಅಂಕಲ್ ಒಮ್ಮೆ ಒಂದು ಪುಟ ನೋಡಿ, ಹೀರೋ ಚೆನ್ನಾಗಿ ಮಾಡಿಲ್ಲವಾ ಅಂದರು. ನಿಜಕ್ಕೂ ಅಕ್ಕ ನಾಯಕನನ್ನು ಒಂದೇ ಸಾಲಿನಲ್ಲಿ ಮುಗಿಸಿ, ಪೋಷಕ ನಟಿಯೊಬ್ಬರ ಬಗ್ಗೆ ಅರ್ಧ ಪುಟ ಬರೆದಿದ್ದರು. ನಾನು ಆ ನಟಿಯ ಚಿತ್ರವನ್ನೇ ದೊಡ್ಡದಾಗಿ ಹಾಕಿದ್ದೆ. ಆ ಚಿತ್ರ ಪ್ರಚಾರದವರು ಕಳಿಸಿದ ಕಟ್ಟಿನಲ್ಲಿ ಇರಲೇ ಇಲ್ಲ. ಕೇಳಿ ಕೇಳಿ, ನಾಲ್ಕು ದಿನ ಕಾಯ್ದು ತರಿಸಿಕೊಂಡದ್ದು.

ಈ ತಿಂಗಳ ಪುಟ ಮಾತ್ರ ಇನ್ನೂ ಕೂತಿಲ್ಲ. ಅಕ್ಕ ಈ ಸಲ ಎರಡೂ ಬರೆದಿದ್ದಾರೆ. ಮೊದಲರ್ಧ ಮನಸ್ಸು ತುಂಬಿತು, ಎರಡನೇ ಅರ್ಧದಲ್ಲಿ ನಿರ್ದೇಶಕರಿಗೆ ತಮ್ಮ ಕಥೆಯ ಮೇಲೇ ನಂಬಿಕೆ ಹೋಯಿತು ಅಂತ. ಅಜ್ಜಿ ಅಂಗಳದಲ್ಲಿ ಹಪ್ಪಳ ಹರಡುತ್ತಿರುವ ಒಂದು ಅಗಲದ ಫ್ರೇಮ್ ಇದೆ, ಮೊದಲರ್ಧದ್ದು, ತುಂಬ ಚಂದ. ಕೋರ್ಟಿನಲ್ಲಿ ಎಲ್ಲರೂ ಕೂಗಾಡುತ್ತಿರುವ ಇನ್ನೊಂದಿದೆ, ಎರಡನೆಯದರದ್ದು. ಅಜ್ಜಿಯನ್ನು ಒಂದೇ ಹಾಕಿದಾಗ ಕಾಕು ಒಳ್ಳೆ ಸಿನಿಮಾ ಅಂದರು. ಎರಡನ್ನೂ ಒಂದೇ ಅಳತೆಯಲ್ಲಿ ಮೇಲೆ ಕೆಳಗೆ ಇಟ್ಟಾಗ, ಇವು ಎರಡು ಬೇರೆ ಸಿನಿಮಾಗಳಾ ಅಂತ ಕೇಳಿದರು. ಎರಡನೇ ಉತ್ತರ ನನಗೆ ಹತ್ತಿರ ಅನ್ನಿಸುತ್ತಿದೆ. ಅಕ್ಕನಿಗೂ ಪ್ರೂಫ್ ಕಳಿಸಿದ್ದೇನೆ, ಅವರು ಈಗ ಟ್ರೇನಿನಲ್ಲಿದ್ದಾರಂತೆ, ಮನೆಗೆ ಹೋಗಿ ದೊಡ್ಡ ಪರದೆಯಲ್ಲಿ ನೋಡಿ ಹೇಳುತ್ತಾರಂತೆ. ಪ್ಲೇಟ್ ಹಾಕುವುದು ನಾಳೆ ಬೆಳಿಗ್ಗೆ ಹನ್ನೊಂದಕ್ಕೆ.